ಹೃದಯದಲ್ಲಿ ಬ್ಲಾಕ್ ಇರುವವರಿಗೆ ನಡಿಗೆ, ಭಾರ, ಇಂಟರ್ವಲ್: ಯಾವುದರ ಹೊರೆ ಎಷ್ಟು?

ನಾಡಿಲೆಕ್ಕ:
ವಯಸ್ಸು 56. ಒಂದು ನಾಳಕ್ಕೆ ಸ್ಟೆಂಟ್ ಹಾಕಿ ನಾಲ್ಕು ತಿಂಗಳಾಗಿದೆ, ಇನ್ನೊಂದರಲ್ಲಿ ಉಳಿದಿರುವ ಬ್ಲಾಕ್‌ಗೆ ಔಷಧಿ ಮಾತ್ರ. ದಿನವೂ ಮೆಟೊಪ್ರೊಲಾಲ್ ಇದೆ. ಮಾತ್ರೆ ನುಂಗಿಯೇ ಮಾಡಿಸಿದ ಟ್ರೆಡ್‌ಮಿಲ್ ಟೆಸ್ಟ್‌ನಲ್ಲಿ ಆರಂಭದ ಪಲ್ಸ್ 60, ಗರಿಷ್ಠ 124. ಪಲ್ಸ್ 116 ಮುಟ್ಟಿದಾಗ ಇಸಿಜಿಯಲ್ಲಿ ಎಸ್‌ಟಿ (ಇಸಿಜಿ ಗೆರೆಯ ಒಂದು ಭಾಗ, ಅದು ಇಳಿದರೆ ಹೃದಯಕ್ಕೆ ರಕ್ತ ಸಾಲುತ್ತಿಲ್ಲವೆಂಬ ಸೂಚನೆ) 1 ಮಿ.ಮೀ. ಕೆಳಗಿಳಿದಿದೆ, ಆದರೆ ಎದೆನೋವು ಬಂದಿಲ್ಲ. ವ್ಯಾಯಾಮ ಮಾಡಬಹುದು ಎಂದು ಹೃದ್ರೋಗ ತಜ್ಞರು ಹೇಳಿದ್ದಾರೆ. ಜಿಮ್‌ನ ಚಾರ್ಟ್ ಪ್ರಕಾರ 220ರಿಂದ ವಯಸ್ಸು ಕಳೆದು, ಅದರ 70–85% ಅಂದರೆ 115ರಿಂದ 139ರ ನಡುವೆ ಪಲ್ಸ್ ಇರಬೇಕು. ಇದು ಸರಿಯೇ? ಭಾರ ಎತ್ತುವುದನ್ನು ಪೂರ್ತಿ ಬಿಡಬೇಕೇ?

ಎಡಹೃತ್ಕುಕ್ಷಿ:
ಆ ಚಾರ್ಟ್ ಈ ವ್ಯಕ್ತಿಗೆ ಅಪಾಯಕಾರಿ. ಅದರ ಕೆಳಗಿನ ಗೆರೆಯೇ 115, ಹೃದಯಕ್ಕೆ ರಕ್ತ ಸಾಲದೆ ಹೋಗುವುದು 116ಕ್ಕೆ. ಮೆಟೊಪ್ರೊಲಾಲ್ ಪಲ್ಸ್ ಅನ್ನು ತಗ್ಗಿಸುವ ಮಾತ್ರೆ, ಹಾಗಾಗಿ ವಯಸ್ಸಿನ ಸೂತ್ರ ಇಲ್ಲಿ ಉಪಯೋಗಕ್ಕೆ ಬಾರದು. ಟೆಸ್ಟ್‌ನ ಅಂಕಿಗಳಿಂದಲೇ ಲೆಕ್ಕ ಹಾಕಿ: 124ರಲ್ಲಿ 60 ಕಳೆದರೆ 64. ಅದರ 40% ಸುಮಾರು 26, 70% ಸುಮಾರು 45. ಇವಕ್ಕೆ 60 ಕೂಡಿಸಿದರೆ 86ರಿಂದ 105. ಇನ್ನು ಎಸ್‌ಟಿ ಇಳಿದ ಪಲ್ಸ್‌ಗಿಂತ ಕನಿಷ್ಠ 10 ಕಡಿಮೆ ಇರಬೇಕೆಂಬುದು ನಿಯಮ, ಅಂದರೆ 106 ದಾಟುವಂತಿಲ್ಲ. ಎರಡೂ ಲೆಕ್ಕ ಒಂದಕ್ಕೊಂದು ಹೊಂದುತ್ತವೆ. ಮೊದಲ ಕೆಲವು ವಾರ 86–95ರಲ್ಲೇ ಇರಲಿ.

'ನೋವಿಲ್ಲ' ಎಂಬುದು ಸಮಾಧಾನದ ವಿಷಯವಲ್ಲ. ನೋವು ಬರುವವರಿಗೆ ದೇಹವೇ ಎಚ್ಚರಿಸುತ್ತದೆ. ಇಲ್ಲಿ ಆ ಗಂಟೆ ಬಾರಿಸುವುದೇ ಇಲ್ಲ. ಆದ್ದರಿಂದ 'ಮಾತಾಡಲು ಆಗುತ್ತದೆ, ಹಾಡಲು ಆಗದು' ಎಂಬ ಅಂದಾಜು ಒಂದನ್ನೇ ನಂಬದೆ, ಎದೆಗೆ ಕಟ್ಟುವ ಪಟ್ಟಿಯಲ್ಲಿ ಪಲ್ಸ್ ನೋಡಬೇಕು. ಬೆರಳಿಟ್ಟು ಎಣಿಸುವುದಾದರೆ ನಿಂತ ತಕ್ಷಣ 10 ಸೆಕೆಂಡ್ ಎಣಿಸಿ 6ರಿಂದ ಗುಣಿಸಿ. ಒಂದು ನಿಮಿಷ ಪೂರ್ತಿ ಎಣಿಸುತ್ತಾ ಕೂತರೆ ಅಷ್ಟರಲ್ಲಿ ಪಲ್ಸ್ ಇಳಿದಿರುತ್ತದೆ.

ಪಲ್ಸ್‌ಗೆ ಏಕೆ ಇಷ್ಟು ಮಹತ್ವ ಎಂದರೆ, ಹೃದಯದ ಸ್ನಾಯುವಿಗೆ ರಕ್ತ ಹೆಚ್ಚಾಗಿ ಹರಿಯುವುದು ಅದು ಸಡಿಲಗೊಂಡಾಗ. ಪಲ್ಸ್ 60 ಇದ್ದಾಗ ಒಂದು ಬಡಿತಕ್ಕೆ 1 ಸೆಕೆಂಡ್, 120ಕ್ಕೆ ಅರ್ಧ ಸೆಕೆಂಡ್. ಕತ್ತರಿ ಬೀಳುವುದು ಮುಖ್ಯವಾಗಿ ಆ ಸಡಿಲಗೊಳ್ಳುವ ಅವಧಿಗೆ. ಬೇಡಿಕೆ ಏರುವ ಹೊತ್ತಿಗೇ ಪೂರೈಕೆಯ ಸಮಯ ಕುಗ್ಗುತ್ತದೆ.

ನಡಿಗೆಯನ್ನೋ ಸೈಕಲ್ಲನ್ನೋ ಬುನಾದಿ ಮಾಡಿಕೊಳ್ಳಿ. 10 ನಿಮಿಷ ನಿಧಾನ, 20–30 ನಿಮಿಷ ಗುರಿಯ ಪಲ್ಸ್‌ನಲ್ಲಿ, ಕೊನೆಗೆ 10 ನಿಮಿಷ ಮತ್ತೆ ನಿಧಾನ. ವಾರಕ್ಕೆ ಐದು ದಿನ. ಕೊನೆಯ ಹತ್ತು ನಿಮಿಷವನ್ನೇ ಜನ ಕದಿಯುವುದು! ಒಮ್ಮೆಲೇ ನಿಂತರೆ ರಕ್ತ ಕಾಲಿನಲ್ಲೇ ಉಳಿದು ಬಿಪಿ ಕುಸಿಯುತ್ತದೆ, ತಲೆ ಸುತ್ತುತ್ತದೆ, ಬಡಿತದ ಲಯ ತಪ್ಪುವ ಸಾಧ್ಯತೆಯೂ ಹೆಚ್ಚು.

ಉಸಿರುಬಿಡಿ:
ಭಾರ ಬಿಡಬೇಕಿಲ್ಲ. ಬಿಡಬೇಕಾದದ್ದು ಉಸಿರು ಕಟ್ಟುವ ಅಭ್ಯಾಸ.

ಹೃದಯದ ಶ್ರಮವನ್ನು ಸ್ಥೂಲವಾಗಿ ಪಲ್ಸ್ × ಮೇಲಿನ ಬಿಪಿ ಎಂದು ಅಳೆಯುತ್ತಾರೆ. ನಡಿಗೆಯಲ್ಲಿ 100 × 150 ಇದ್ದರೆ 15,000. ಉಸಿರು ಬಿಗಿಹಿಡಿದು ಲೆಗ್ ಪ್ರೆಸ್ (ಯಂತ್ರದಲ್ಲಿ ಕಾಲಿನಿಂದ ಭಾರ ತಳ್ಳುವುದು) ಮಾಡುವಾಗ ಪಲ್ಸ್ ಅದೇ 100 ಇದ್ದು ಬಿಪಿ 210ಕ್ಕೆ ಹೋದರೆ 21,000. ಪಲ್ಸ್ ಮೀಟರ್ ಮಾತ್ರ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ. 1985ರಲ್ಲಿ ಆರೋಗ್ಯವಂತ ಬಾಡಿ ಬಿಲ್ಡರ್‌ಗಳ ಅಪಧಮನಿಯೊಳಗೇ ನಳಿಗೆ ಇಟ್ಟು ಅಳೆದಾಗ, ಶಕ್ತಿ ಮೀರಿದ ಲೆಗ್ ಪ್ರೆಸ್‌ನಲ್ಲಿ ಬಿಪಿ ಸರಾಸರಿ 320/250 ಮುಟ್ಟಿತ್ತು.

ಆದ್ದರಿಂದ: ಒಂದೇ ಸಲ ಎತ್ತಬಲ್ಲ ಗರಿಷ್ಠ ತೂಕದ 30–40% ಕೈಗಳಿಗೆ, 50–60% ಕಾಲುಗಳಿಗೆ; 10–15 ಸಲ, ಮೊದಲಿಗೆ ಒಂದೇ ಸೆಟ್, ವಾರಕ್ಕೆ ಎರಡು ದಿನ. ಆ ಗರಿಷ್ಠ ತೂಕ ಎಷ್ಟೆಂದು ಎತ್ತಿ ಪರೀಕ್ಷಿಸಲು ಹೋಗಬೇಡಿ. 15ನೇ ಸಲವೂ ಮುಖ ಕಿವುಚದೆ ಆಗುವ ತೂಕ ಸಾಕು. ಎತ್ತುವಾಗ ಉಸಿರು ಹೊರಗೆ, ಇಳಿಸುವಾಗ ಒಳಗೆ. ಎಣಿಕೆಯನ್ನು ಬಾಯಿಬಿಟ್ಟು ಹೇಳುತ್ತಿದ್ದರೆ ಉಸಿರು ಕಟ್ಟಲು ಆಗುವುದೇ ಇಲ್ಲ. ಹಿಡಿಕೆಯನ್ನು ಹಿಂಡಬೇಡಿ, ಬಿಗಿ ಮುಷ್ಟಿಯೇ ಬಿಪಿ ಏರಿಸುತ್ತದೆ. ದೀರ್ಘ ಪ್ಲ್ಯಾಂಕ್, ಗೋಡೆಗೊರಗಿ ಕುಳಿತಂತೆ ನಿಲ್ಲುವುದು, ಕುಂಭಕ, ಶೀರ್ಷಾಸನ ಇವೆಲ್ಲ ಇದೇ ಕಾರಣಕ್ಕೆ ಸದ್ಯ ಬೇಡ.

ಬೈಪಾಸ್ ಆದವರು ಇದನ್ನು ಓದುತ್ತಿದ್ದರೆ: ಸೀಳಿದ ಎದೆಮೂಳೆ ಕೂಡಲು 8–12 ವಾರ ಬೇಕು. ಅಲ್ಲಿಯವರೆಗೆ ಎದೆ, ಭುಜದ ಭಾರದ ವ್ಯಾಯಾಮ ಇಲ್ಲ.

ನಾಡಿಲೆಕ್ಕ:
ಸ್ಪಷ್ಟವಾಯಿತು. ಇಂಟರ್ವಲ್ ತರಬೇತಿ ಹೆಚ್ಚು ಫಲ ಕೊಡುತ್ತದೆ ಎನ್ನುತ್ತಾರಲ್ಲ? 4 ನಿಮಿಷ ಜೋರು, 3 ನಿಮಿಷ ನಿಧಾನ, ನಾಲ್ಕು ಸಲ?

ಎಡಹೃತ್ಕುಕ್ಷಿ:
ಅದರಲ್ಲಿ ಜೋರು ಎಂದರೆ ಗರಿಷ್ಠ ಪಲ್ಸ್‌ನ 85–95%. ಇಲ್ಲಿ 124ರ 85% ಅಂದರೇ 105. ಒಳಹೋಗುವ ಬಾಗಿಲಲ್ಲೇ ಮಿತಿ ಮುಗಿಯಿತು. ಈ ವ್ಯಕ್ತಿಗೆ ಬೇಡ.

ಎಸ್‌ಟಿ ಬದಲಾವಣೆ ಇಲ್ಲದವರಿಗೆ, ಮೇಲ್ವಿಚಾರಣೆಯಲ್ಲಿ ಆದರೆ ಒಳ್ಳೆಯದೇ. 2012ರಲ್ಲಿ ಪ್ರಕಟವಾದ ನಾರ್ವೆಯ ಲೆಕ್ಕದಲ್ಲಿ 4,846 ಹೃದ್ರೋಗಿಗಳ ಪೈಕಿ 46,364 ಗಂಟೆಗಳ ಇಂಟರ್ವಲ್‌ನಲ್ಲಿ ಎರಡು ಹೃದಯಸ್ತಂಭನ (ಇಬ್ಬರೂ ಬದುಕಿದರು), 1,29,456 ಗಂಟೆಗಳ ಮಧ್ಯಮ ವ್ಯಾಯಾಮದಲ್ಲಿ ಒಂದು, ಅದು ಸಾವಿನಲ್ಲಿ ಮುಗಿಯಿತು. ಒಟ್ಟಾರೆ ವಿರಳ. ಲಾಭದ ಅಂತರವೂ ಹೇಳಿಕೊಳ್ಳುವಷ್ಟಿಲ್ಲ: 200 ಮಂದಿಯ ಬೆಲ್ಜಿಯಂ ಪ್ರಯೋಗದಲ್ಲಿ 12 ವಾರಗಳ ಬಳಿಕ ಆಮ್ಲಜನಕ ಬಳಕೆಯ ಗರಿಷ್ಠ ಸಾಮರ್ಥ್ಯ ಇಂಟರ್ವಲ್ ಮತ್ತು ಮಧ್ಯಮ ವ್ಯಾಯಾಮದ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರಿತು.

ಮಧ್ಯಮ ವ್ಯಾಯಾಮವನ್ನು ಹಗುರವಾಗಿ ಕಾಣಬೇಡಿ. ಬ್ಲಾಕ್ ಕರಗದಿದ್ದರೂ ನಾಳದ ಒಳಪದರ ನಾಳವನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡನ್ನು ಚೆನ್ನಾಗಿ ಸ್ರವಿಸಲು ಕಲಿಯುತ್ತದೆ, ಅದೇ ವೇಗಕ್ಕೆ ಪಲ್ಸ್ ಮತ್ತು ಬಿಪಿ ಕಡಿಮೆ ಸಾಕಾಗುತ್ತದೆ. ಮೂರು ತಿಂಗಳ ಮೇಲೆ ಅದೇ 100ರ ಪಲ್ಸ್‌ನಲ್ಲಿ ಹೆಚ್ಚು ದೂರ ಹೋಗಿರುತ್ತೀರಿ. ಮೆಟೊಪ್ರೊಲಾಲ್ ಪ್ರಮಾಣ ಬದಲಾದರೆ ಮಾತ್ರ ಈ ಲೆಕ್ಕ ರದ್ದು, ಟೆಸ್ಟ್ ಮತ್ತೆ ಬೇಕು.

ತಣ್ಣೀರು:
ಈಜಿನ ಬಗ್ಗೆ ಯಾರೂ ಹೇಳಲಿಲ್ಲ. ಕುತ್ತಿಗೆವರೆಗೆ ನೀರಿಗಿಳಿದರೆ ಸುಮಾರು 700 ಮಿ.ಲೀ. ರಕ್ತ ಎದೆಯತ್ತ ಸರಿಯುತ್ತದೆ, ನೀರು ತಣ್ಣಗಿದ್ದರೆ ನಾಳಗಳೂ ಕುಗ್ಗುತ್ತವೆ. ಮೊದಲ ತಿಂಗಳುಗಳಿಗೆ ತಕ್ಕದ್ದಲ್ಲ. ಚಳಿಗಾಳಿಯಲ್ಲಿ ನಡೆಯುವಾಗಲೂ ವೇಗ ತಗ್ಗಿಸಿ, ಊಟವಾದ ಮೇಲೆ ಒಂದೂವರೆ ಎರಡು ಗಂಟೆ ಬಿಡಿ.

ವೈದ್ಯರು ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆ ಬರೆದುಕೊಟ್ಟಿದ್ದರೆ ಅದು ಚೀಲದಲ್ಲಲ್ಲ, ಜೇಬಿನಲ್ಲಿರಲಿ. ಎದೆ ಬಿಗಿತ, ದವಡೆ ಅಥವಾ ಎಡಗೈ ಸೆಳೆತ, ಎಂದೂ ಇಲ್ಲದ ಏದುಸಿರು ಬಂದರೆ ನಿಲ್ಲಿಸಿ, ಕುಳಿತುಕೊಂಡೇ ಮಾತ್ರೆ ಇಡಿ. ನಿಂತು ಇಟ್ಟರೆ ಬಿಪಿ ಇಳಿದು ಬೀಳಬಹುದು. 5 ನಿಮಿಷದಲ್ಲಿ ಕಡಿಮೆಯಾಗದಿದ್ದರೆ ಆಂಬುಲೆನ್ಸ್ ಕರೆಸಿ. ಹಿಂದಿನ 24 ಗಂಟೆಯಲ್ಲಿ ಸಿಲ್ಡೆನಾಫಿಲ್, 48 ಗಂಟೆಯಲ್ಲಿ ಟಡಾಲಾಫಿಲ್ (ಎರಡೂ ವಯಾಗ್ರದಂಥ, ನಿಮಿರುವಿಕೆಯ ಮಾತ್ರೆಗಳು) ತೆಗೆದುಕೊಂಡಿದ್ದರೆ ಈ ಮಾತ್ರೆ ಮುಟ್ಟಬೇಡಿ, ನೇರವಾಗಿ ಆಂಬುಲೆನ್ಸ್.