‘ಖಂಡಿಸು’ ಎಂದರೆ ಈಗ ಬೈಯುವುದಷ್ಟೇ?

ಎಲ್ಲರಿಗೂ ನಮಸ್ಕಾರ.

ಸಂಶೋಧನಾ ಲೇಖನದಲ್ಲಿ ಒಂದು ಮೂಲವನ್ನು ಉಲ್ಲೇಖಿಸಿದಾಗ, ಏಕೆ ಉಲ್ಲೇಖಿಸಿದೆವು ಎಂಬುದನ್ನೂ ಜೊತೆಗೇ ಗುರುತು ಮಾಡುವ ಪದ್ಧತಿಯೊಂದಿದೆ. ಆಕ್ಸ್‌ಫರ್ಡಿನ ಡೇವಿಡ್ ಶಾಟನ್ 2010ರಲ್ಲಿ ಪ್ರಕಟಿಸಿದ ‘ಸೈಟೊ’ ಇಂಥ ಗುರುತುಗಳ ಪಟ್ಟಿ. ಇದರ ವಿಧಾನ ಬಳಸಿದೆ, ದತ್ತಾಂಶ ತೆಗೆದುಕೊಂಡೆ, ಇದನ್ನು ಒಪ್ಪಿದೆ, ಒಪ್ಪಲಿಲ್ಲ, ಹೀಗೆ. ಲೇವಡಿ ಮಾಡಿದೆ ಎನ್ನಲಿಕ್ಕೂ ಒಂದು ಗುರುತಿದೆ! (ನಮ್ಮ ಕೆಲವು ವಿಮರ್ಶಕರಿಗೆ ಅದೊಂದೇ ಸಾಕು.) ಇವನ್ನು ಕನ್ನಡಕ್ಕೆ ತರುತ್ತಿದ್ದೇನೆ.

ಹೆಚ್ಚಿನವು ಸಲೀಸಾಗಿ ಬಂದವು. ಸಿಕ್ಕಿಬಿದ್ದದ್ದು ‘ರಿಫ್ಯೂಟ್ಸ್’ನಲ್ಲಿ. ಆಧಾರ ಕೊಟ್ಟು ಆ ಮಾತು ತಪ್ಪೆಂದು ಸಾಧಿಸುವುದು ಅದರ ಅರ್ಥ. ‘ಖಂಡಿಸುತ್ತದೆ’ ಎಂದು ಬರೆದೆ. ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಮೊದಲಿಟ್ಟು ಖಂಡಿಸುವ ಶಾಸ್ತ್ರದ ರೂಢಿ ನೆನೆದರೆ ಸರಿಯೇ. ಆದರೆ ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ‘ಬೆಲೆ ಏರಿಕೆ ಖಂಡಿಸಿ ಪ್ರತಿಭಟನೆ’. ಬೆಲೆ ಏರಿಲ್ಲವೆಂದು ಅಲ್ಲಿ ಯಾರೂ ಸಾಧಿಸುತ್ತಿಲ್ಲ, ಸಿಟ್ಟು ತೋರಿಸುತ್ತಿದ್ದಾರೆ. ನನ್ನ ಕರಡು ಓದಿದ ಎಂ.ಎ. ವಿದ್ಯಾರ್ಥಿನಿಯೊಬ್ಬಳು, “ಪಾಪ, ಆ ಲೇಖಕರು ಅಂಥದ್ದೇನು ಮಾಡಿದ್ರು ಸರ್?” ಎಂದು ಕೇಳಿದಳು.

‘ಅಲ್ಲಗಳೆ’ ಆಗದೇ? ‘ಆರೋಪ ಅಲ್ಲಗಳೆದ ಸಚಿವ’ ಎನ್ನುವಲ್ಲಿ ಪುರಾವೆ ಬೇಕಿಲ್ಲ, ಬಾಯಿದ್ದರೆ ಸಾಕು. ‘ನಿರಾಕರಿಸು’ ಎಂದರೆ ಈಗ ಒಲ್ಲೆ ಎನ್ನುವುದು. ‘ಡಿಸ್ಪ್ಯೂಟ್ಸ್’ ಎಂಬ ಇನ್ನೊಂದು ಗುರುತಿಗೆ ಮಾತ್ರ ಕೋರ್ಟು ಕಚೇರಿಯ ‘ತಕರಾರು’ ಚೆನ್ನಾಗಿ ಒಗ್ಗಿತು. ತಕರಾರು ತೆಗೆದವರು ಗೆಲ್ಲಲೇಬೇಕೆಂದಿಲ್ಲವಲ್ಲ. ‘ರಿಫ್ಯೂಟ್ಸ್’ಗೆ ಸದ್ಯ ‘ತಪ್ಪೆಂದು ತೋರಿಸುತ್ತದೆ’ ಎಂದಿಟ್ಟಿದ್ದೇನೆ. ಕ್ರಿಯಾಪದವಾಗಿ ಅದು ನನಗೆ ಒಪ್ಪಿಗೆ. ಆದರೆ ‘ಈ ಲೇಖನದಲ್ಲಿ ಎರಡು ಖಂಡನೆಗಳಿವೆ’ ಎಂಬಂತೆ ಎಣಿಸಲು ನಾಮಪದ ಬೇಕು, ಅದು ಹೊಳೆಯುತ್ತಿಲ್ಲ.

‘ಲಕ್ಷ್ಯ’ದ ಪಾಡೂ ಇದೇ. ಭಾಷಾಪ್ರಯೋಗದ ಮಾದರಿಗಾಗಿ ಒಂದು ಕೃತಿಯನ್ನು ಉಲ್ಲೇಖಿಸಿದರೆ ಆ ಹೆಸರು ಕೊಡೋಣವೆಂದಿದ್ದೆ. 13ನೆಯ ಶತಮಾನದಲ್ಲೇ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಗಜಗ, ಅಸಗ, ಶ್ರೀವಿಜಯ ಮೊದಲಾದ ಕವಿಗಳನ್ನು ಹೆಸರಿಸಿ, ಅವರ ಮಾರ್ಗವೇ ತನ್ನ ವ್ಯಾಕರಣಕ್ಕೆ ಲಕ್ಷ್ಯ ಎಂದಿದ್ದಾನೆ. ಯಾರನ್ನು ಏಕೆ ಉಲ್ಲೇಖಿಸುತ್ತಿದ್ದೇನೆಂದು ಗುರುತು ಹಾಕಿದಂತೆಯೇ. ಆದರೆ ಧಾರವಾಡದ ಕಡೆಯ ಗೆಳೆಯರಿಗೆ ಲಕ್ಷ್ಯ ಎಂದರೆ ಗಮನ, ‘ಲಕ್ಷ್ಯ ಕೊಟ್ಟು ಕೇಳು’. ಅದನ್ನು ಬಿಟ್ಟು ‘ಮಾದರಿ’ ಎಂದೆ.

ಖಂಡನೆಯನ್ನೂ ಹಾಗೇ ಬಿಟ್ಟುಕೊಡಬೇಕೇ? ತರ್ಕಶಾಸ್ತ್ರ ಕಲಿಸುವವರು ಈಗ ತರಗತಿಯಲ್ಲಿ ಯಾವ ಪದ ಬಳಸುತ್ತೀರಿ, ತಿಳಿಸಿ.