'ಫ್ಲ್ಯಾಟ್ ಬೀಟ್' ಮಾಡಿದವನೇ ಟೈರ್ ಸಿನಿಮಾನೂ ಮಾಡಿದ್ದಾ?

ಬಾಸ್‌ಲೈನ್ ಬಸವ:
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತಲೆ ತಿನ್ನುತ್ತಿದೆ, ಗೊತ್ತಿದ್ದವರು ಹೇಳಿ. 1999ರ 'ಫ್ಲ್ಯಾಟ್ ಬೀಟ್' ಕೇಳಿದ್ದೀರಲ್ವಾ? ಹಳದಿ ಗೊಂಬೆಯೊಂದು ಆಫೀಸಿನಲ್ಲಿ ಸಾಹೇಬನ ಥರ ಕೂತು ತಲೆ ಕುಣಿಸುತ್ತೆ, ಫೋನ್ ಎತ್ತುತ್ತೆ, ಹಿಂದೆ ಅದೇ ಬಾಸ್ ಗುರ್ ಗುರ್ ಅಂತ ಸುತ್ತುತ್ತಲೇ ಇರುತ್ತೆ, ಆ ಹಾಡು. ಮಾಡಿದವನ ಹೆಸರು ಮಿಸ್ಟರ್ ವಾಝೋ. ಅವನ ಬೇರೆ ಹಾಡು ಹುಡುಕುತ್ತಾ ಹೋದೆ. ನಿಜ ಹೆಸರು ಕ್ವೆಂಟಿನ್ ದುಪ್ಯೂ ಅಂತೆ, 2024ರ ಕಾನ್ ಚಿತ್ರೋತ್ಸವ ಶುರುವಾಗಿದ್ದೇ ಅವನ ಸಿನಿಮಾದಿಂದ ಅಂತೆ! ಜೀನ್ಸ್ ಜಾಹೀರಾತಿನ ಹಾಡು ಮಾಡಿದವನು ಲೆಯಾ ಸೆಡೂ, ವಿನ್ಸೆಂಟ್ ಲಿಂಡನ್ ಥರದ ದೊಡ್ಡ ನಟರನ್ನು ಹಾಕಿಕೊಂಡು ಸಿನಿಮಾ ಮಾಡೋ ಮಟ್ಟಕ್ಕೆ ಹೋಗಿದ್ದು ಹೇಗೆ? ಸಂಗೀತ ಸಾಕು ಅಂತ ಬಿಟ್ಟನಾ? ಕೊಲೆ ಮಾಡುವ ಟೈರಿನ ಸಿನಿಮಾ ಬೇರೆ ಇದೆಯಂತೆ, ಅದು ನಿಜಾನಾ ಇಲ್ಲ ಯಾರೋ ತಮಾಷೆಗೆ ಬರೆದಿದ್ದಾ? ನೋಡೋಕೆ ಶುರು ಮಾಡಬೇಕು ಅಂದ್ರೆ ಯಾವುದರಿಂದ ಮಾಡಲಿ?

ರೀಲು ಡಬ್ಬಿ:
ಬಸವ ಅವರೇ, ಟೈರ್ ನಿಜ. ಹೆಸರು 'ರಬ್ಬರ್', 2010ರದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಸಂಗೀತ ಬಿಟ್ಟು ಸಿನಿಮಾಕ್ಕೆ ಹೋದ ಅನ್ನೋದು ಉಲ್ಟಾ ಲೆಕ್ಕ. 1974ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಈ ಮನುಷ್ಯನ ಕೈಗೆ ಮೊದಲು ಬಂದದ್ದೇ ಕ್ಯಾಮೆರಾ. ಫ್ರೆಂಚ್ ಟೆಕ್ನೋದಲ್ಲಿ ದೊಡ್ಡ ಹೆಸರಾಗಿದ್ದ ಡಿಜೆ ಲೋರಾಂ ಗಾರ್ನಿಯೇಗೆ 'ಕ್ರಿಸ್ಪಿ ಬೇಕನ್', 'ಫ್ಲ್ಯಾಶ್‌ಬ್ಯಾಕ್' ಹಾಡುಗಳ ವಿಡಿಯೋ ಮಾಡಿಕೊಟ್ಟದ್ದು ಇವನೇ. ಗಾರ್ನಿಯೇ ಇನ್ನೊಬ್ಬರ ಜೊತೆ ಸೇರಿ ನಡೆಸುತ್ತಿದ್ದ ಎಫ್ ಕಮ್ಯುನಿಕೇಷನ್ಸ್ ಲೇಬಲ್‌ನಲ್ಲೇ ಆಮೇಲೆ ಇವನ ಸ್ವಂತ ರೆಕಾರ್ಡ್‌ಗಳು ಬಂದವು. 'ಫ್ಲ್ಯಾಟ್ ಬೀಟ್' ಬಳಸಿದ್ದ ಆ ಲಿವೈಸ್ ಜೀನ್ಸ್ ಜಾಹೀರಾತನ್ನು ನಿರ್ದೇಶನ ಮಾಡಿದ್ದೂ ಅವನೇ, ಅದರ ಸಂಗೀತವೂ ಅವನದೇ. ಫ್ಲ್ಯಾಟ್ ಎರಿಕ್ ಅನ್ನೋ ಆ ಹಳದಿ ಗೊಂಬೆಯನ್ನು ತಯಾರಿಸಿದ್ದು ಜಿಮ್ ಹೆನ್ಸನ್ ಅವರ ಕ್ರೀಚರ್ ಶಾಪ್. ಆ ಹಾಡು ಬ್ರಿಟನ್ನಿನಲ್ಲಿ ಎರಡು ವಾರ ನಂಬರ್ ಒನ್ ಆಗಿ ಕೂತಿತು. ಒಂದು ಸಿಂಥ್, ಒಂದು ಡ್ರಮ್, ಹಾಡುವವರು ಯಾರೂ ಇಲ್ಲ!

ಬೇರೆ ಯಾರಾದರೂ ಆಗಿದ್ದರೆ ಅದೇ ಹಾಡನ್ನು ತಿರುಗಿಸಿ ಮುರುಗಿಸಿ ಇನ್ನೊಂದು ಹತ್ತು ಮಾಡಿ ದುಡ್ಡು ಎಣಿಸುತ್ತಿದ್ದರು. ಇವನು ಹಾಗೆ ಮಾಡಲಿಲ್ಲ. ಅದೇ ವರ್ಷದ 'ಅನಲಾಗ್ ವರ್ಮ್ಸ್ ಅಟ್ಯಾಕ್' ಆಲ್ಬಮ್ ಒರಟು, ಒಣಕಲು, ಕಿವಿಗೆ ಸ್ವಲ್ಪ ಚುಚ್ಚುತ್ತೆ. 2005ರ 'ಮುಸ್ತಾಶ್' ಇನ್ನೂ ಮುರುಕು. ಲಯ ಹಿಡಿಯಿತು ಅನ್ನುವಷ್ಟರಲ್ಲಿ ಕತ್ತರಿಸಿ ಬಿಸಾಕುತ್ತಾನೆ. ನನಗೆ ಇಷ್ಟ, ಆದರೆ ಪಾರ್ಟಿಯಲ್ಲಿ ಹಾಕಿದರೆ ಬೈಗುಳ ಗ್ಯಾರಂಟಿ. ಈ ಎರಡು ಆಲ್ಬಮ್ ಮಧ್ಯೆ 'ನಾನ್‌ಫಿಲ್ಮ್' ಅಂತ ಒಂದು ಸಿನಿಮಾನೂ ಮಾಡಿಬಿಟ್ಟಿದ್ದ. 2007ರಲ್ಲಿ 'ಸ್ಟೇಕ್' ಬಂತು. ಎರಿಕ್ ಮತ್ತು ರಾಮ್ಜಿ ಅಂತ ಫ್ರಾನ್ಸಿನ ಜನಪ್ರಿಯ ಕಾಮಿಡಿ ಜೋಡಿ ಅದರಲ್ಲಿತ್ತು. ಎಂದಿನ ಕಾಮಿಡಿ ಅಂದುಕೊಂಡು ಹೋದವರಿಗೆ ಅಲ್ಲಿ ಸಿಕ್ಕಿದ್ದೇ ಬೇರೆ.

ಕಡಲ ತಡಿ ಕಿಟ್ಟ:
ನಾನು ಆ 'ರಬ್ಬರ್' ನೋಡಿದ್ದೇನೆ ಮಾರಾಯ. ಹದಿನೈದು ನಿಮಿಷದ ಐಡಿಯಾವನ್ನು ಎಳೆದು ಎಳೆದು ಪೂರ್ತಿ ಸಿನಿಮಾ ಮಾಡಿದ್ದು. ಟೈರ್ ಉರುಳುತ್ತೆ, ನಡುಗುತ್ತೆ, ಎದುರಿಗಿದ್ದವನ ತಲೆ ಪಟ್ ಅಂತ ಸಿಡಿಯುತ್ತೆ. ಆಮೇಲೆ? ಮತ್ತೆ ಉರುಳುತ್ತೆ. ಇದಕ್ಕೆಲ್ಲ ದೊಡ್ಡ ಅರ್ಥ ಹುಡುಕುವವರನ್ನು ಕಂಡರೆ ನಗು ಬರುತ್ತೆ.

ಕತ್ತರಿ ಪ್ರಯೋಗ:
ಕಿಟ್ಟ ಅವರೇ, ಅರ್ಥ ಹುಡುಕಬೇಡಿ ಅಂತ ಸಿನಿಮಾದ ಮೊದಲ ಐದು ನಿಮಿಷದಲ್ಲೇ ಅವನೇ ಹೇಳಿಬಿಡುತ್ತಾನಲ್ಲ! ಮರುಭೂಮಿಯ ಮಣ್ಣು ರಸ್ತೆ. ಅಲ್ಲೊಂದು ಇಲ್ಲೊಂದು ಕುರ್ಚಿ. ಒಂದು ಕಾರು ವಾಲಾಡುತ್ತಾ ಬಂದು ಪ್ರತಿಯೊಂದು ಕುರ್ಚಿಯನ್ನೂ ಬೇಕಂತಲೇ ಬೀಳಿಸುತ್ತೆ. ನಿಲ್ಲುತ್ತೆ. ಡಿಕ್ಕಿಯಿಂದ ಪೊಲೀಸ್ ಅಧಿಕಾರಿಯೊಬ್ಬ ಇಳಿಯುತ್ತಾನೆ, ನೀರಿನ ಲೋಟ ಹಿಡಿದು ನಮ್ಮ ಕಡೆ ತಿರುಗಿ, ಸಿನಿಮಾದಲ್ಲಿ ಎಷ್ಟೋ ಸಂಗತಿಗೆ ಕಾರಣವೇ ಇರಲ್ಲ ಅಂತ ಗಂಭೀರವಾಗಿ ಭಾಷಣ ಮಾಡುತ್ತಾನೆ. ಮುಗಿದ ಮೇಲೆ ನೀರು ನೆಲಕ್ಕೆ ಚೆಲ್ಲಿ ಮತ್ತೆ ಡಿಕ್ಕಿಯೊಳಗೆ ಹೋಗಿ ಮಲಗುತ್ತಾನೆ. ಇಷ್ಟಾದ ಮೇಲೂ ಟೈರಿಗೆ ಯಾಕೆ ಕೋಪ ಅಂತ ಕೇಳಿದರೆ ತಪ್ಪು ಯಾರದು? ಜೊತೆಗೆ, ಬೈನಾಕ್ಯುಲರ್ ಹಿಡಿದು ದೂರದಿಂದ ಟೈರಿನ ಕಥೆಯನ್ನೇ ನೋಡುತ್ತಾ ನಿಂತ ಒಂದಿಷ್ಟು ಪ್ರೇಕ್ಷಕರನ್ನೂ ಕಥೆಯೊಳಗೆ ತುರುಕಿದ್ದಾನೆ. ನೀವು ಗೊಣಗಿದ ಹಾಗೇ ಅವರೂ ಗೊಣಗುತ್ತಾರೆ.

ಸಂಗೀತ-ಸಿನಿಮಾ ಪ್ರಶ್ನೆಗೆ ಬರೋಣ. ನಾನು ಹೊಟ್ಟೆಪಾಡಿಗೆ ವಿಡಿಯೋ ಎಡಿಟ್ ಮಾಡುವವನು, ಸಂಜೆ ಹೊತ್ತು ಬೀಟ್ ಮಾಡುವ ಚಟ. ಹಾಗಾಗಿ ನನಗೆ ಇವೆರಡೂ ಬೇರೆ ಕೆಲಸ ಅಂತ ಅನ್ನಿಸಲ್ಲ. ದುಪ್ಯೂ ಬರೆಯೋದು, ಶೂಟ್ ಮಾಡೋದು, ಎಡಿಟ್ ಮಾಡೋದು ಎಲ್ಲ ತಾನೇ. 'ರಬ್ಬರ್' ಶೂಟ್ ಮಾಡಿದ್ದು ಕ್ಯಾನನ್ 5ಡಿ ಮಾರ್ಕ್ 2 ಕ್ಯಾಮೆರಾದಲ್ಲಿ, ಅಂದ್ರೆ ಮದುವೆ ಫೋಟೋದವರ ಕೈಲಿ ಇರುತ್ತಿತ್ತಲ್ಲ, ಅದೇ. ಮಲಗುವ ಕೋಣೆಯಲ್ಲಿ ಒಬ್ಬನೇ ಕೂತು ಟ್ರ್ಯಾಕ್ ಮಾಡುವವನ ರೂಢಿ ಇದು. ಯಾರಿಗೂ ಕಾಯಲ್ಲ, ಯಾರನ್ನೂ ಕೇಳಲ್ಲ, ಐಡಿಯಾ ಬಿಸಿ ಇರುವಾಗಲೇ ಮುಗಿಸಿಬಿಡೋದು. ಕಲಾ ನಿರ್ದೇಶನ ಹೆಂಡತಿ ಜೋನ್ ಲ ಬೋರೂ ನೋಡಿಕೊಳ್ಳುತ್ತಾರೆ. 2022ರಲ್ಲಿ ಎರಡು ಸಿನಿಮಾ, 2023ರಲ್ಲಿ ಎರಡು. ಬಹಳಷ್ಟು ಒಂದೂಕಾಲು ಗಂಟೆ ಆಸುಪಾಸಿನವು. 'ಯಾನಿಕ್' ಅಂತೂ ಬರೀ 67 ನಿಮಿಷ!

ಸಂಗೀತ ಪೂರ್ತಿ ಬಿಟ್ಟಿಲ್ಲ. 2008ರಲ್ಲಿ ಎಡ್ ಬ್ಯಾಂಗರ್ ಲೇಬಲ್‌ನಿಂದ 'ಲ್ಯಾಂಬ್ಸ್ ಆ್ಯಂಗರ್' ಆಲ್ಬಮ್ ಬಂತು. ಅದರ ಮುಖಪುಟ ನೋಡಿ, ನಿರ್ದೇಶಕ ಬುನ್ಯುಯೆಲ್‌ನ ಹಳೇ ಚಿತ್ರದಲ್ಲಿ ರೇಜರ್‌ನಿಂದ ಕಣ್ಣು ಸೀಳುವ ದೃಶ್ಯ ಇದೆಯಲ್ಲ, ಅದಕ್ಕೆ ಫ್ಲ್ಯಾಟ್ ಎರಿಕ್ ಗೊಂಬೆಯನ್ನು ಕೂರಿಸಿದ್ದಾನೆ. ಕೋಟಿ ಜನ ಮುದ್ದು ಮಾಡಿದ ಗೊಂಬೆಯ ಕಣ್ಣಿಗೇ ಬ್ಲೇಡು. 2014ರಲ್ಲಿ 'ದಿ ಚರ್ಚ್', 2016ರಲ್ಲಿ 'ಆಲ್ ವೆಟ್'. ಆದರೆ ಸಿನಿಮಾಗಳಲ್ಲಿ ಬರಬರುತ್ತಾ ತನ್ನ ಸಂಗೀತ ಕಮ್ಮಿ ಮಾಡುತ್ತಾ ಹೋದ. 'ರಿಯಾಲಿಟಿ'ಗೆ ಸಂಗೀತಕಾರ ಫಿಲಿಪ್ ಗ್ಲಾಸ್ ಅವರ ಹಳೆಯ ಕೃತಿ ತಗೊಂಡ, 'ಮ್ಯಾಂಡಿಬಲ್ಸ್'ಗೆ ಮೆಟ್ರೊನಮಿ ಬ್ಯಾಂಡ್, ಚಿತ್ರಕಾರ ಡಾಲಿಯ ಮೇಲಿನ ಸಿನಿಮಾಕ್ಕೆ ಡ್ಯಾಫ್ಟ್ ಪಂಕ್‌ನ ತೋಮಾ ಬಾಂಗಾಲ್ತೆ. ಒಳ್ಳೇ ನಿರ್ಧಾರ ಅಂತ ನನ್ನ ಅಭಿಪ್ರಾಯ. ತನ್ನದೇ ಟ್ರ್ಯಾಕ್ ಇದ್ದರೆ ಎಡಿಟರ್‌ಗೆ ಕತ್ತರಿಸೋಕೆ ಮನಸ್ಸು ಬರಲ್ಲ, ಅನುಭವದ ಮಾತು ಇದು.

ರೀಲು ಡಬ್ಬಿ:
ಕತ್ತರಿಯವರ ಮಾತಿಗೆ ಒಂದು ಸೇರಿಸುತ್ತೇನೆ. 2013ರ 'ರಾಂಗ್ ಕಾಪ್ಸ್'ನಲ್ಲಿ ಒಬ್ಬ ಪೊಲೀಸ್‌ಗೆ ಟೆಕ್ನೋ ಮಾಡಿ ಹಿಟ್ ಆಗುವ ಹುಚ್ಚು. ಆ ಟ್ರ್ಯಾಕನ್ನು ರೆಕಾರ್ಡ್ ಕಂಪನಿಯವನ ಮುಂದೆ ಹಾಕುವ ದೃಶ್ಯ ಬರೆಯೋಕೆ ಆ ಬಾಗಿಲು ತಟ್ಟಿದವನೇ ಬೇಕು.

ಹಾಗೇ, ಟೈರ್ ನೋಡಿ 'ಇವನು ಬರೀ ತಿಕ್ಕಲು' ಅಂತ ಕೈಬಿಟ್ಟವರು 2019ರ 'ಡೀರ್‌ಸ್ಕಿನ್' ನೋಡಬೇಕು. ಅದರಲ್ಲಿ ನಟ ಝಾಂ ದುಜಾರ್ದಾಂ ಜಿಂಕೆ ಚರ್ಮದ ಜಾಕೆಟ್ ಕೊಳ್ಳುತ್ತಾನೆ, ಮಾರಿದವನು ಒಂದು ವಿಡಿಯೋ ಕ್ಯಾಮೆರಾನೂ ಪುಕ್ಕಟೆ ಕೊಡುತ್ತಾನೆ. ಲೋಕದಲ್ಲಿ ಇರೋದು ತನ್ನದೊಂದೇ ಜಾಕೆಟ್ ಆಗಬೇಕು ಅನ್ನೋ ಆಸೆ ಹತ್ತುತ್ತೆ. ಕ್ಯಾಮೆರಾ ಸಿಕ್ಕಿದ್ದಕ್ಕೆ ತಾನು ನಿರ್ದೇಶಕ ಅಂತ ಸುಳ್ಳು ಬೇರೆ ಹೇಳಿಕೊಂಡು ತಿರುಗುತ್ತಾನೆ. ನಗುತ್ತಾ ಇರುವಾಗಲೇ ಹೊಟ್ಟೆಯೊಳಗೆ ಚಳಿ ಆಗುತ್ತೆ.

ಬಾಸ್‌ಲೈನ್ ಬಸವ:
ಅಬ್ಬಾ, ಇಷ್ಟು ನಿರೀಕ್ಷೆ ಮಾಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ 67 ನಿಮಿಷದ್ದೇ ಮೊದಲು ನೋಡಲಾ? ಅದರಲ್ಲಿ ಏನಿದೆ, ಪೂರ್ತಿ ಕಥೆ ಬಿಡದೆ ಹೇಳಿ.

ಕತ್ತರಿ ಪ್ರಯೋಗ:
ಪ್ಯಾರಿಸ್‌ನ ಒಂದು ಥಿಯೇಟರ್, ಸಪ್ಪೆ ಹಾಸ್ಯ ನಾಟಕ. ನೋಡುತ್ತಾ ಕೂತಿದ್ದ ರಾತ್ರಿ ಕಾವಲುಗಾರನೊಬ್ಬ ಎದ್ದು ನಿಲ್ಲುತ್ತಾನೆ. ರಜೆ ಹಾಕಿ, ಅಷ್ಟು ದೂರದಿಂದ ಬಂದೆ, ನಿಮ್ಮ ನಾಟಕ ನನ್ನ ಬೇಜಾರು ಕಳೆಯುವ ಬದಲು ಜಾಸ್ತಿ ಮಾಡುತ್ತಿದೆ ಅಂತ ನಟರಿಗೇ ಹೇಳುತ್ತಾನೆ. ಮುಂದಿನದು ನೀವೇ ನೋಡಿ. ಆ ಪಾತ್ರ ಮಾಡಿದ ರಫಾಯೆಲ್ ಕೆನಾರ್‌ಗೋಸ್ಕರ ಆದರೂ ನೋಡಿ. ನಾನು ಯಾರ ಪಕ್ಷ ಅಂತ ನನಗೇ ಹತ್ತು ಸಲ ಬದಲಾಯಿತು. ಕಾನ್‌ನಲ್ಲಿ ಮೊದಲ ದಿನ ತೋರಿಸಿದ 'ದಿ ಸೆಕೆಂಡ್ ಆ್ಯಕ್ಟ್' ಮಾತ್ರ ಕೊನೆಗಿಡಿ. ಅದು ನಟರು ನಟರನ್ನೇ ಆಡಿಕೊಳ್ಳುವ ಸಿನಿಮಾ, ಅವನ ಚಾಳಿ ಗೊತ್ತಿದ್ದರೆ ರುಚಿ ಜಾಸ್ತಿ.

ಕಡಲ ತಡಿ ಕಿಟ್ಟ:
ಸರಿ, ಆ ಜಾಕೆಟ್ ಸಿನಿಮಾ ಒಂದು ಕೈ ನೋಡುವ. ಮನೆಯವರ ಜೊತೆ ಕೂತು ನೋಡಬಹುದಾ?

ರೀಲು ಡಬ್ಬಿ:
ಬೇಡ ಕಿಟ್ಟಣ್ಣ, ಫ್ಯಾನಿನ ರೆಕ್ಕೆ ಹರಿತ ಮಾಡಿಕೊಂಡು ಹೊರಡುತ್ತಾನೆ, ರಕ್ತ ಇದೆ. ಮನೆಯವರ ಜೊತೆ ಅಂದ್ರೆ 'ಮ್ಯಾಂಡಿಬಲ್ಸ್' ಹಾಕಿ. ಇಬ್ಬರು ದಡ್ಡ ಗೆಳೆಯರಿಗೆ ಕಾರಿನ ಡಿಕ್ಕಿಯಲ್ಲಿ ನಾಯಿ ಗಾತ್ರದ ನೊಣ ಸಿಗುತ್ತೆ, ಅದನ್ನು ಪಳಗಿಸಿ ದುಡ್ಡು ಮಾಡೋಣ ಅಂತ ಹೊರಡುತ್ತಾರೆ. ಊಟದ ಹೊತ್ತಿಗೆ ಮಾತ್ರ ಹಾಕಬೇಡಿ.