ಓದಿದರೆ ತಿಳಿಯುವ ಇಂಗ್ಲಿಷ್ ಕೇಳಿದಾಗ ಏಕೆ ತಿಳಿಯುವುದಿಲ್ಲ? ಕಾಲೇಜಿನ ಆಲಿಸುವಿಕೆ ಪರೀಕ್ಷೆಗೆ ಅಭ್ಯಾಸ ಹೇಗೆ?

ಪ್ರಶ್ನೆ (ಎರಡನೆಯ ವರ್ಷದ ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಇಂಗ್ಲಿಷ್ ಭಾಷಾ ಪರೀಕ್ಷೆಗೆ ಇನ್ನು ಎಂಟು ವಾರಗಳಿವೆ. ವ್ಯಾಕರಣ, ಪ್ರಬಂಧ, ಗದ್ಯಭಾಗವನ್ನು ಓದಿ ಉತ್ತರಿಸುವುದು, ಇವುಗಳಲ್ಲಿ ನನಗೆ ಅಳುಕಿಲ್ಲ. ಆದರೆ ಧ್ವನಿಮುದ್ರಣವನ್ನು ಕೇಳಿ ಉತ್ತರಿಸುವ ಭಾಗದಲ್ಲಿ ಈವರೆಗಿನ ಎರಡು ಮಾದರಿ ಪರೀಕ್ಷೆಗಳಲ್ಲಿ 25ಕ್ಕೆ 9 ಮತ್ತು 10 ಅಂಕಗಳಷ್ಟೇ ಬಂದಿವೆ.

ನನ್ನನ್ನು ಗೊಂದಲಕ್ಕೀಡು ಮಾಡಿರುವ ಸಂಗತಿಯೆಂದರೆ, ಪರೀಕ್ಷೆ ಮುಗಿದ ಮೇಲೆ ಅದೇ ಸಂಭಾಷಣೆಯ ಲಿಖಿತ ಪಾಠವನ್ನು ಓದಿದಾಗ ನನಗೆ ಗೊತ್ತಿಲ್ಲದ ಪದ ಒಂದೂ ಇರಲಿಲ್ಲ. ‘ಐ ಶುಡ್ ಹ್ಯಾವ್ ಟೋಲ್ಡ್ ಹಿಮ್’ ಎಂಬ ಸರಳ ವಾಕ್ಯ ನನ್ನ ಕಿವಿಗೆ ‘ಐಶುಡವ್‌ಟೋಲ್ಡಿಮ್’ ಎಂದು ಬಿದ್ದಿತ್ತು. ಅದೇನಿರಬಹುದೆಂದು ಯೋಚಿಸುವಷ್ಟರಲ್ಲಿ ಮುಂದಿನ ಮೂರು ವಾಕ್ಯಗಳು ದಾಟಿ ಹೋಗಿದ್ದವು. ಕಳೆದ ಎರಡು ತಿಂಗಳು ದಿನಕ್ಕೊಂದು ಗಂಟೆ ಬೇರೆ ಕೆಲಸ ಮಾಡುತ್ತಲೇ ಇಂಗ್ಲಿಷ್ ವಾರ್ತೆ ಕೇಳಿದ್ದೇನೆ, ಉಪಶೀರ್ಷಿಕೆಗಳೊಡನೆ ಸಿನಿಮಾಗಳನ್ನೂ ನೋಡಿದ್ದೇನೆ. ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ.

ಯಾವ ಬಗೆಯ ಅಭ್ಯಾಸದಿಂದ ನಿಜವಾಗಿ ಉಪಯೋಗವಾಗುತ್ತದೆ? ಧ್ವನಿಯ ವೇಗವನ್ನು ತಗ್ಗಿಸಿ ಕೇಳುವುದು ಸರಿಯೇ? ಕೇಳುತ್ತಿರುವಾಗಲೇ ಟಿಪ್ಪಣಿ ಮಾಡಿಕೊಳ್ಳಬೇಕೇ, ಅಥವಾ ಅದರಿಂದ ಗಮನ ಇನ್ನಷ್ಟು ಚದುರುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಇಂಗ್ಲಿಷ್ ಬೋಧಕ)

ನಿಮ್ಮ ತೊಂದರೆಯ ಮೂಲ ನಿಮ್ಮ ಪ್ರಶ್ನೆಯಲ್ಲೇ ಇದೆ. ಲಿಖಿತ ಪಾಠದಲ್ಲಿ ಅಪರಿಚಿತ ಪದ ಇರಲಿಲ್ಲವೆಂದರೆ ನಿಮಗೆ ಶಬ್ದಸಂಪತ್ತಿನ ಕೊರತೆಯಿಲ್ಲ ಎಂದಾಯಿತು. ನೀವು ಆ ಪದಗಳನ್ನು ಕಲಿತದ್ದು ಕಣ್ಣಿನಿಂದ. ಹೀಗಾಗಿ ಪುಟದ ಮೇಲೆ ಬಿಡಿಬಿಡಿಯಾಗಿ ಕಾಣುವಂತೆಯೇ ಅವು ಕಿವಿಗೂ ಬಿಡಿಬಿಡಿಯಾಗಿ ಬರಲೆಂದು ನಿರೀಕ್ಷಿಸುತ್ತೀರಿ. ಮಾತನಾಡುವವರು ಪದಗಳ ನಡುವೆ ಜಾಗ ಬಿಡುವುದಿಲ್ಲ.

ಇದು ಕನ್ನಡಿಗರಿಗೆ ವಿಚಿತ್ರವೆನಿಸಬೇಕಾದ ಸಂಗತಿಯಲ್ಲ, ಏಕೆಂದರೆ ಶಾಲೆಯಲ್ಲಿ ಸಂಧಿ ಪ್ರಕರಣ ಓದಿದವರಿಗೆಲ್ಲ ಇದರ ಸೂತ್ರಗಳು ಪರಿಚಿತವೇ. ಊರು, ಅಲ್ಲಿ ಎಂಬೆರಡು ಸೇರಿ ‘ಊರಲ್ಲಿ’ ಆಗುವುದು ಲೋಪಸಂಧಿ. ಇಂಗ್ಲಿಷಿನ ‘ನೆಕ್ಸ್ಟ್ ಡೇ’ ಬಾಯಲ್ಲಿ ‘ನೆಕ್ಸ್‌ಡೇ’ ಆಗುವಾಗಲೂ ನಡುವಿನ ‘ಟ್’ ಲೋಪವಾಗುತ್ತದೆ. ‘ಮನೆಯನ್ನು’ ಎಂಬಲ್ಲಿ ಯಕಾರವೂ ‘ಗುರುವನ್ನು’ ಎಂಬಲ್ಲಿ ವಕಾರವೂ ಬಂದು ಸೇರುವ ಹಾಗೆಯೇ ‘ಸೀ ಇಟ್’ ಎಂಬುದು ‘ಸೀಯಿಟ್’ ಎಂದೂ ‘ಗೋ ಆನ್’ ಎಂಬುದು ‘ಗೋವಾನ್’ ಎಂದೂ ಕೇಳಿಸುತ್ತವೆ. ಮಳೆ, ಕಾಲ ಎಂಬವು ‘ಮಳೆಗಾಲ’ ಆದಂತೆ ಅವರಲ್ಲಿ ‘ಟೆನ್ ಬುಕ್ಸ್’ ಎಂಬುದು ‘ಟೆಮ್ ಬುಕ್ಸ್’ ಆಗುತ್ತದೆ, ‘ಡಿಡ್ ಯೂ’ ಎಂಬುದು ‘ಡಿಜು’ ಆಗುತ್ತದೆ. ನಿಯಮಗಳು ಅಕ್ಷರಶಃ ಒಂದೇ ಎಂದು ನಾನು ಹೇಳುತ್ತಿಲ್ಲ. ವ್ಯತ್ಯಾಸವೊಂದನ್ನಂತೂ ಮರೆಯಬಾರದು: ನಾವು ಸಂಧಿಯಾದ ರೂಪವನ್ನು ಬಹುಮಟ್ಟಿಗೆ ಹಾಗೆಯೇ ಬರೆಯುತ್ತೇವೆ, ಅವರು ಬರೆಯುವುದಿಲ್ಲ. ಎಷ್ಟು ಓದಿದರೂ ಅದು ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ಇದೇ.

ಇನ್ನೊಂದು ತೊಡಕು ಲಯದ್ದು. ಕನ್ನಡದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಅದರ ಮಾತ್ರೆ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಅಕ್ಷರ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ, ಉಳಿದವು ಕುಗ್ಗಿ ಒಂದು ಮಬ್ಬು ಸ್ವರವಾಗಿ ಉಳಿಯುತ್ತವೆ ಅಥವಾ ಪೂರ್ತಿಯಾಗಿ ಮಾಯವಾಗುತ್ತವೆ. ‘ಕಂಫರ್ಟಬಲ್’ ಎಂಬುದು ‘ಕಂಫ್ಟಬಲ್’ ಆಗುವುದು ಹೀಗೆ. ‘ಆಫ್’, ‘ಟು’, ‘ಫಾರ್’, ‘ಹ್ಯಾವ್’, ‘ಕ್ಯಾನ್’ ಮುಂತಾದ ಚಿಕ್ಕ ಪದಗಳಿಗೆ ವಾಕ್ಯದ ನಡುವೆ ಒತ್ತು ಸಿಗುವುದು ಅಪರೂಪ. ‘ಕ್ಯಾನ್’ ಬರೀ ‘ಕ್ನ್’ ಆಗಿ ಜಾರಿಹೋಗುತ್ತದೆ, ಅದರ ನಿಷೇಧ ರೂಪವಾದ ‘ಕಾಂಟ್’ ಮಾತ್ರ ಒತ್ತಿನೊಡನೆ ಪೂರ್ಣವಾಗಿ ಬರುತ್ತದೆ. ಈ ಎರಡನ್ನು ಗುರುತಿಸಲು ಕೊನೆಯ ‘ಟ್’ ಕೇಳಿಸಿತೇ ಎಂದು ಹುಡುಕುವುದಕ್ಕಿಂತ ಒತ್ತು ಇತ್ತೇ ಎಂದು ಗಮನಿಸುವುದು ಹೆಚ್ಚು ಭದ್ರವಾದ ದಾರಿ.

ಆದ್ದರಿಂದ ಬೇರೆ ಕೆಲಸದ ನಡುವೆ ವಾರ್ತೆ ಕೇಳುವುದನ್ನು ಅಭ್ಯಾಸವೆಂದು ಲೆಕ್ಕ ಹಾಕಬೇಡಿ. ಲಿಖಿತ ಪಾಠ ಜೊತೆಗಿರುವ, ಒಂದು ನಿಮಿಷ ಮೀರದ ಧ್ವನಿತುಣುಕನ್ನು ಆರಿಸಿಕೊಳ್ಳಿ. ಬಿಬಿಸಿ ಲರ್ನಿಂಗ್ ಇಂಗ್ಲಿಷ್ ತನ್ನ ಆರು ನಿಮಿಷಗಳ ಸಂಭಾಷಣೆಗಳೊಡನೆ ಲಿಖಿತ ಪಾಠವನ್ನೂ ಕೊಡುತ್ತದೆ, ಅದರಲ್ಲಿ ಒಂದು ನಿಮಿಷದ ಭಾಗ ಸಾಕು. ಮೊದಲು ಪಾಠವನ್ನು ನೋಡದೆ ಒಮ್ಮೆ ಪೂರ್ತಿ ಕೇಳಿ, ಯಾರು ಯಾರೊಡನೆ ಯಾವ ವಿಷಯ ಮಾತನಾಡುತ್ತಿದ್ದಾರೆಂದು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಬಳಿಕ ಒಂದೊಂದೇ ವಾಕ್ಯವನ್ನು ನಿಲ್ಲಿಸಿ ಉಕ್ತಲೇಖನದಂತೆ ಬರೆಯಿರಿ. ಒಂದು ವಾಕ್ಯಕ್ಕೆ ಐದು ಸಲಕ್ಕಿಂತ ಹೆಚ್ಚು ಬೇಡ, ಸಿಗದ ಕಡೆ ಕೇಳಿಸಿದ ಸದ್ದನ್ನು ಕನ್ನಡ ಲಿಪಿಯಲ್ಲೇ ಗೀಚಿ ಮುಂದೆ ಹೋಗಿ. ಕೊನೆಗೆ ಲಿಖಿತ ಪಾಠದೊಡನೆ ಹೋಲಿಸಿ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ.

ಇಲ್ಲಿಗೇ ನಿಲ್ಲಿಸುವವರು ಬಹಳ, ಆದರೆ ಮುಖ್ಯವಾದ ಕೆಲಸ ಇನ್ನೂ ಉಳಿದಿರುತ್ತದೆ. ಪ್ರತಿ ತಪ್ಪಿನ ಪಕ್ಕದಲ್ಲಿ ಅದು ಗೊತ್ತಿಲ್ಲದ ಪದವೋ, ಗೊತ್ತಿದ್ದರೂ ಗುರುತಿಸಲಾಗದ ಪದವೋ ಎಂದು ಗುರುತು ಹಾಕಿ. ಎರಡನೆಯ ಬಗೆಯವನ್ನು ಧ್ವನಿಯೊಡನೆಯೇ, ಅದೇ ವೇಗದಲ್ಲಿ, ನೀವೂ ಹತ್ತು ಸಲ ಬಾಯಿಬಿಟ್ಟು ಹೇಳಿ. ನಾಲಿಗೆಗೆ ಒಗ್ಗಿದ ರೂಪ ಕಿವಿಗೆ ಬೇಗ ಸಿಗುತ್ತದೆಂಬುದು ನನ್ನ ಅನುಭವ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ವೇಗವನ್ನಂತೂ ತಗ್ಗಿಸಬೇಡಿ, ಪರೀಕ್ಷಾ ಕೊಠಡಿಯಲ್ಲಿ ಆ ಸೌಲಭ್ಯ ಇರುವುದಿಲ್ಲ.

ಉತ್ತರ 2 (ಕಳೆದ ವರ್ಷ ಇದೇ ಬಗೆಯ ಪರೀಕ್ಷೆ ಬರೆದವನು)

ಬೋಧಕರು ಕಿವಿಯ ಕುರಿತು ಹೇಳಿದ್ದಾರೆ, ನಾನು ಪ್ರಶ್ನೆಪತ್ರಿಕೆಯ ಕುರಿತು ಹೇಳುತ್ತೇನೆ. ಧ್ವನಿಮುದ್ರಣವನ್ನು ಎಷ್ಟು ಸಲ ಕೇಳಿಸುತ್ತಾರೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ, ಏಕೆಂದರೆ ತಯಾರಿಯ ರೀತಿಯೇ ಅದರ ಮೇಲೆ ನಿಂತಿದೆ. ಉದಾಹರಣೆಗೆ, ಐಇಎಲ್‌ಟಿಎಸ್ ಎಂಬ ಅಂತರರಾಷ್ಟ್ರೀಯ ಇಂಗ್ಲಿಷ್ ಪರೀಕ್ಷೆಯ ಆಲಿಸುವಿಕೆ ವಿಭಾಗದಲ್ಲಿ ನಾಲ್ಕು ಭಾಗಗಳು, 40 ಪ್ರಶ್ನೆಗಳು, ಸುಮಾರು 30 ನಿಮಿಷಗಳ ಧ್ವನಿ, ಎಲ್ಲವೂ ಒಂದೇ ಸಲ. ಕೇಂಬ್ರಿಡ್ಜ್‌ನ ಬಿ2 ಫಸ್ಟ್ ಪರೀಕ್ಷೆಯಲ್ಲಿ 30 ಪ್ರಶ್ನೆಗಳಿದ್ದು ಪ್ರತಿಯೊಂದು ಮುದ್ರಣವನ್ನೂ ಎರಡು ಸಲ ಕೇಳಿಸುತ್ತಾರೆ. ಎರಡು ಸಲವಾದರೆ ಮೊದಲ ಸಲ ಉತ್ತರ ಗುರುತಿಸಿ ಎರಡನೆಯ ಸಲ ಪರಿಶೀಲಿಸಬಹುದು. ಒಂದೇ ಸಲವಾದರೆ ಧ್ವನಿ ಆರಂಭವಾಗುವ ಮೊದಲಿನ ಆ ಕೆಲವು ಸೆಕೆಂಡುಗಳೇ ನಿಮ್ಮ ಬಂಡವಾಳ. ಆಗ ಪ್ರಶ್ನೆಗಳನ್ನು ಓದಿ, ಬೇಕಿರುವುದು ಸಮಯವೋ, ಸ್ಥಳವೋ, ಕಾರಣವೋ ಎಂದು ಪ್ರಶ್ನಾರ್ಥಕ ಪದಕ್ಕೆ ಅಡಿಗೆರೆ ಎಳೆಯಿರಿ.

ನಾನು ಹೆಚ್ಚು ಅಂಕ ಕಳೆದುಕೊಂಡದ್ದು ಒಂದು ಜಾಣ ಬಲೆಯಲ್ಲಿ. ಧ್ವನಿಯಲ್ಲಿ ಕೇಳಿಸಿದ ಪದವೇ ಆಯ್ಕೆಯಲ್ಲೂ ಕಂಡರೆ ಕೈ ತಾನಾಗಿ ಅದರತ್ತ ಹೋಗುತ್ತದೆ, ಸರಿಯುತ್ತರ ಮಾತ್ರ ಅದೇ ಅರ್ಥದ ಬೇರೆ ಮಾತುಗಳಲ್ಲಿ ಅಡಗಿರುತ್ತದೆ. ಒಂದು ಮಾದರಿ ಸಂಭಾಷಣೆಯಲ್ಲಿ ಹುಡುಗಿ ಮೊದಲು ಮಂಗಳವಾರ ಭೇಟಿಯಾಗೋಣ ಎಂದು, ಕೂಡಲೇ ಅಂದು ಪ್ರಯೋಗಾಲಯವಿದೆಯೆಂದು ನೆನಪಿಸಿಕೊಂಡು ಗುರುವಾರಕ್ಕೆ ಬದಲಿಸುತ್ತಾಳೆ. ನಾನು ಮಂಗಳವಾರಕ್ಕೇ ಗುರುತು ಹಾಕಿ ನೆಮ್ಮದಿಯಿಂದ ಮುಂದಿನ ಪ್ರಶ್ನೆ ಓದುತ್ತಿದ್ದೆ. ‘ಬಟ್’, ‘ಆಕ್ಚುಲಿ’, ‘ನೋ, ವೇಟ್’ ಎಂಬವು ಕೇಳಿಸಿದರೆ ಪೆನ್ಸಿಲನ್ನು ತಡೆದು ಹಿಡಿಯಿರಿ.

ಸಂಖ್ಯೆಗಳಿಗೆ ಪ್ರತ್ಯೇಕ ಅಭ್ಯಾಸ ಬೇಕು. ‘ಥರ್ಟೀನ್’ ಎಂಬಲ್ಲಿ ಕೊನೆಯ ಭಾಗ ದೀರ್ಘವಾಗಿದ್ದು ಸಾಮಾನ್ಯವಾಗಿ ಒತ್ತು ಅಲ್ಲಿಗೆ ಬೀಳುತ್ತದೆ, ‘ಥರ್ಟಿ’ ಎಂಬಲ್ಲಿ ಮೊದಲ ಭಾಗಕ್ಕೆ ಬೀಳುತ್ತದೆ. ಟಿಪ್ಪಣಿಯ ವಿಷಯಕ್ಕೆ ಬಂದರೆ, ಸಂಖ್ಯೆ, ಹೆಸರು, ಮತ್ತು ಕಾರಣ ಸೂಚಿಸಲು ಒಂದು ಬಾಣದ ಗುರುತು, ಇಷ್ಟನ್ನೇ ಬರೆಯಿರಿ. ವಾಕ್ಯ ಬರೆಯಲು ಹೊರಟರೆ ಬರೆಯುತ್ತಿರುವಷ್ಟು ಹೊತ್ತು ಕಿವಿ ಮುಚ್ಚಿದಂತೆಯೇ. ನಾನು ಬರೆದದ್ದು ಕನ್ನಡದಲ್ಲಿ. ಟಿಪ್ಪಣಿಗೆ ಯಾರೂ ಅಂಕ ಕೊಡುವುದಿಲ್ಲವಾದ್ದರಿಂದ ಕೈಗೆ ಯಾವ ಲಿಪಿ ಬೇಗ ಬರುತ್ತದೋ ಅದೇ ಸರಿ. ಒಂದು ಪ್ರಶ್ನೆ ತಪ್ಪಿಹೋದರೆ ಅಂದಾಜಿನ ಉತ್ತರ ಗುರುತಿಸಿ ಬಿಟ್ಟುಬಿಡಿ. ಅದನ್ನೇ ನೆನೆಯುತ್ತ ಕುಳಿತರೆ ಮುಂದಿನ ಎರಡೂ ಹೋಗುತ್ತವೆ.

ಉತ್ತರ 3 (ಸ್ವಂತವಾಗಿ ಭಾಷೆ ಕಲಿತವಳು)

ವೇಗ ತಗ್ಗಿಸಲೇಬಾರದೆಂಬ ಬೋಧಕರ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಇಲ್ಲಿ ಎರಡು ಬೇರೆ ಸಂಗತಿಗಳಿವೆ. ಸಹಜವಾಗಿ ಆಡಿದ ಮಾತನ್ನು ಯಂತ್ರದಲ್ಲಿ ಮುಕ್ಕಾಲು ವೇಗಕ್ಕೆ ಇಳಿಸಿದರೆ ಲೋಪವಾದದ್ದು ಲೋಪವಾಗಿಯೇ ಉಳಿಯುತ್ತದೆ, ಹಿಗ್ಗಿಸಿ ನೋಡಿದ ಹಾಗೆ ಆ ಜಾಗ ಇನ್ನಷ್ಟು ನಿಚ್ಚಳವಾಗುತ್ತದೆ. ಐದು ಸಲ ಕೇಳಿಯೂ ಸಿಗದ ವಾಕ್ಯಕ್ಕೆ ಇದೊಂದು ಭೂತಗನ್ನಡಿ. ಆದರೆ ಕಲಿಯುವವರಿಗೆಂದೇ ನಿಧಾನವಾಗಿ ಓದಿದ ಮುದ್ರಣಗಳಲ್ಲಿ ಪದಗಳು ಬಿಡಿಬಿಡಿಯಾಗಿ ಪೂರ್ಣರೂಪದಲ್ಲಿ ಬರುವುದರಿಂದ ನಿಮ್ಮ ಈಗಿನ ತೊಂದರೆಗೆ ಅವು ಮದ್ದಾಗಲಾರವು. ಅಮೆರಿಕ ಸರ್ಕಾರದ ಬಾನುಲಿ ಸಂಸ್ಥೆಯಾದ ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಆರಂಭಿಸಿದ ‘ಸ್ಪೆಷಲ್ ಇಂಗ್ಲಿಷ್’ ಪ್ರಸಾರಗಳು ಸುಮಾರು 1500 ಪದಗಳ ಮಿತಿಯಲ್ಲಿ, ಮಾಮೂಲಿನ ಮೂರನೆಯ ಎರಡು ಭಾಗದಷ್ಟು ವೇಗದಲ್ಲಿ ಇರುತ್ತಿದ್ದವು. ದೀರ್ಘವಾದ ವಿಷಯವನ್ನು ಎಳೆ ತಪ್ಪದೆ ಹಿಂಬಾಲಿಸಲು ಅವು ನನಗೆ ಕಲಿಸಿದವು, ಜೋಡಿಸಿ ಆಡಿದ ಮಾತನ್ನು ಬಿಡಿಸಲು ಕಲಿಸಲಿಲ್ಲ.

ಉಪಶೀರ್ಷಿಕೆಗಳೊಡನೆ ಸಿನಿಮಾ ನೋಡುವಾಗ ಕೆಲಸ ಮಾಡುವುದು ಕಣ್ಣು, ಹೆಸರು ಬರುವುದು ಕಿವಿಗೆ.

ಮರುಪ್ರಶ್ನೆ (ಎರಡನೆಯ ವರ್ಷದ ವಿದ್ಯಾರ್ಥಿನಿ)

ಮೂವರಿಗೂ ಕೃತಜ್ಞತೆಗಳು. ಹತ್ತು ದಿನ ಈ ಕ್ರಮದಲ್ಲಿ ಅಭ್ಯಾಸ ಮಾಡಿ ಬರೆಯುತ್ತಿದ್ದೇನೆ. ಮೊದಲ ದಿನ ನಲವತ್ತು ಸೆಕೆಂಡುಗಳ ತುಣುಕಿಗೆ ಮುಕ್ಕಾಲು ಗಂಟೆ ಹಿಡಿಯಿತು, ತಪ್ಪುಗಳು ಹದಿನಾಲ್ಕು. ಅವುಗಳಲ್ಲಿ ಹನ್ನೊಂದು ನನಗೆ ಚೆನ್ನಾಗಿ ಗೊತ್ತಿದ್ದ ಪದಗಳು, ಬಹುಪಾಲು ‘ಆಫ್’, ‘ದೆಮ್’, ‘ಹ್ಯಾವ್’ ಎಂಬ ಚಿಕ್ಕ ಪದಗಳೇ. ಒಂದು ಕಡೆ ನಾನು ‘ಎ ಲಾಟರ್’ ಎಂದು ಬರೆದು ಅದನ್ನು ನಿಘಂಟಿನಲ್ಲಿಯೂ ಹುಡುಕಿದ್ದೆ. ಪಾಠದಲ್ಲಿ ನೋಡಿದರೆ ಅದು ‘ಎ ಲಾಟ್ ಆಫ್ ಅವರ್’! ನಿನ್ನೆ ಅಷ್ಟೇ ಉದ್ದದ ತುಣುಕಿನಲ್ಲಿ ತಪ್ಪುಗಳು ಆರಕ್ಕೆ ಇಳಿದಿವೆ. ವೇಗ ತಗ್ಗಿಸಿದ್ದು ಎರಡೇ ವಾಕ್ಯಗಳಿಗೆ.

ಈಗ ಇನ್ನೊಂದು ಸಂದೇಹ. ಮಾದರಿ ಪರೀಕ್ಷೆಗಳಲ್ಲಿ ಒಂದು ಬ್ರಿಟಿಷ್ ಉಚ್ಚಾರಣೆಯಲ್ಲಿತ್ತು, ಇನ್ನೊಂದು ಅಮೆರಿಕನ್. ಎರಡನ್ನೂ ಅಭ್ಯಾಸ ಮಾಡಬೇಕೇ?

ಉತ್ತರ 1ರ ಬೋಧಕರಿಂದ

ಭೂತಗನ್ನಡಿಯ ಮಾತನ್ನು ಒಪ್ಪುತ್ತೇನೆ, ಐದನೆಯ ಸಲದ ನಂತರ ಎಂಬ ಷರತ್ತಿನೊಡನೆ.

ಎರಡೂ ಬರುವ ಸಾಧ್ಯತೆಯಿದ್ದರೆ ದಿನ ಬಿಟ್ಟು ದಿನ ಒಂದೊಂದನ್ನು ಕೇಳಿ. ಅಮೆರಿಕನ್ನರಲ್ಲಿ ಸ್ವರಗಳ ನಡುವಿನ ‘ಟ’ ಮೃದುವಾಗಿ ‘ವಾಟರ್’ ಎಂಬುದು ‘ವಾಡರ್’ ಎಂಬಂತೆ ಕೇಳಿಸುತ್ತದೆ, ರಕಾರ ಎಲ್ಲೆಡೆ ಉಳಿಯುತ್ತದೆ. ಬ್ರಿಟಿಷ್ ವಾರ್ತಾ ಉಚ್ಚಾರಣೆಯಲ್ಲಿ ‘ಕಾರ್’ ಎಂಬುದರ ಕೊನೆಯ ರಕಾರ ಬಿದ್ದುಹೋಗುತ್ತದೆ, ಮುಂದೆ ಸ್ವರ ಬಂದರೆ ಮಾತ್ರ ಮರಳುತ್ತದೆ. ಈ ಎರಡನ್ನು ತಿಳಿದರೆ ಬಹುಪಾಲು ಗೊಂದಲ ನಿವಾರಣೆಯಾಗುತ್ತದೆ.

ಕೊನೆಯ ಎರಡು ವಾರ ಉಕ್ತಲೇಖನವನ್ನು ಹತ್ತು ನಿಮಿಷಕ್ಕೆ ಇಳಿಸಿ, ದಿನ ಬಿಟ್ಟು ದಿನ ಒಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಎಲ್ಲಿಯೂ ನಿಲ್ಲಿಸದೆ ಪೂರ್ತಿಯಾಗಿ ಮಾಡಿ. ಪರೀಕ್ಷೆಯಲ್ಲಿ ಧ್ವನಿವರ್ಧಕದಿಂದ ಕೇಳಿಸುವುದಾದರೆ ಇಯರ್‌ಫೋನನ್ನು ಈಗಲೇ ತೆಗೆದಿಟ್ಟು, ಯಂತ್ರವನ್ನು ಕೋಣೆಯ ಆ ಬದಿಗೆ ಇರಿಸಿ ಕೇಳಿ.